ಒಳಜೇಬು

ಬಾ ಒಚೋಲಾ, ಮೊದಲು ಕೈ ಒರೆಸಿಕೊ.
ಮಂಡಾಝಿ ತಿಂದ ಎಣ್ಣೆಗೈಯಲ್ಲಿ ಈ ಕೋಟು ಮುಟ್ಟುವಂತಿಲ್ಲ.
ಬಾಡಿಗೆ ಇನ್ನೂರು ಶಿಲಿಂಗು. ಕೆಲಸ ಸಿಕ್ಕರೆ ಇನ್ನೂ ನೂರು,
ಸಿಗದಿದ್ದರೆ ಗುಂಡಿ ಎಣಿಸಿ ಕೊಡು, ಸಾಕು.

ಗಿಕೊಂಬದ ಈ ಓಣಿಯಲ್ಲಿ ಮೂಟೆ ಬಿಚ್ಚಿದ ದಿನ
ಮೊದಲು ಕೈಗೆ ಬಂದದ್ದೇ ಇದು.
ಕಾಲರಿನ ಒಳಗೆ ನೋಡು, ಕೆಂಪು ದಾರದಲ್ಲಿ ಹೆಸರು: ಎಚ್. ಬ್ರಾಂಟ್.
ಯಾವ ಸೀಮೆಯವನೋ, ಇದ್ದಾನೋ ಇಲ್ಲವೋ.
ಎಡ ಮೊಣಕೈ ಮಾತ್ರ ಸವೆದಿದೆ, ಅಂದರೆ
ಮೇಜಿಗೆ ಒರಗಿ ಇನ್ನೊಬ್ಬರ ಮಾತು ಕೇಳುತ್ತಿದ್ದವನು.
ಅಷ್ಟು ಸಾಕಾಯಿತು ನನಗೆ. ಮಾರಲಿಲ್ಲ.

ತೋಳು ನಿನಗೆ ಗಿಡ್ಡ. ಆಗಲಿ, ಎಳೆದುಕೊಳ್ಳಬೇಡ,
ಎಳೆದಷ್ಟೂ ಎಲ್ಲರ ಕಣ್ಣು ಅಲ್ಲೇ.
ಮಣಿಕಟ್ಟು ಕಂಡರೆ ಕಾಣಲಿ, ಮೂಟೆ ಹೊತ್ತ ಮಣಿಕಟ್ಟು,
ಗೋದಾಮಿನ ಕೆಲಸಕ್ಕೆ ತಾನೇ ಹೋಗುತ್ತಿರುವುದು?

ಏನು ಕಲಿಸಿದ ನಿನ್ನ ಚಿಕ್ಕಪ್ಪ?
ಗಟ್ಟಿಯಾಗಿ ಕೈ ಕುಲುಕು, ನಗು, ಎದೆ ಸೆಟೆಸು?
ಕಳೆದ ವಾರ ಒಬ್ಬ ಹಾಗೇ ಸೆಟೆಸಿ
ಎರಡನೇ ಗುಂಡಿ ಹಾರಿಸಿಕೊಂಡು ಬಂದ.
ಅದು ಮ್ಯಾನೇಜರನ ಚಹಾಕ್ಕೇ ಬಿತ್ತಂತೆ.
ಛಾಪು ಅಂದರೆ ಅದೂ ಛಾಪೇ,
ಆ ಮನುಷ್ಯ ಸಾಯುವವರೆಗೂ ಮರೆಯಲಿಕ್ಕಿಲ್ಲ.

'ನಿನ್ನ ಬಗ್ಗೆ ಹೇಳು' ಅಂತಾರೆ, ಅದನ್ನು ಕೇಳದೆ ಬಿಡುವವರಿಲ್ಲ.
ಹುಟ್ಟಿದ ಊರಿಂದ ಶುರುಮಾಡಬೇಡ, ಅವರಿಗೆ ಊಟದ ಹೊತ್ತು.
ಆ ರಾತ್ರಿ ನದಿ ಉಕ್ಕಿ ಓಣಿಗೆ ನುಗ್ಗಿದಾಗ
ಕತ್ತಲಲ್ಲಿ ನಿಂತು ಕೂಗಿದೆಯಲ್ಲ,
ಚರ್ಮದ್ದು ಮೊದಲು ಎತ್ತಿ, ಹತ್ತಿ ಆಮೇಲೆ, ಹತ್ತಿ ಒಣಗುತ್ತದೆ ಅಂತ,
ಅದನ್ನು ಹೇಳು. ಹೇಳಿ ನಿಲ್ಲಿಸು.
ನಿಲ್ಲಿಸುವುದೇ ಕಷ್ಟ.
ಮೌನ ಬಂದರೆ ಬರಲಿ, ಅದು ನಿನ್ನೊಬ್ಬನ ಸಾಲವಲ್ಲ,
ಅವರೂ ಸ್ವಲ್ಪ ತೀರಿಸಲಿ.

ಈಗ ಒಳಜೇಬಿಗೆ ಕೈ ಹಾಕು.
ಒಂದು ಪೆಪ್ಪರಮಿಂಟು, ಹಿಂದಿನವಳು ಇಟ್ಟದ್ದು.
ಬಾಯಿ ಒಣಗಿದರೆ ನಿನ್ನದು, ಬರುವಾಗ ಇನ್ನೊಂದು ಇಟ್ಟು ಬಾ.
ಮತ್ತೊಂದು ಕಾಗದ. ಮೆಲ್ಲಗೆ, ಮಡಿಕೆಯಲ್ಲಿ ಹರಿದಿದೆ.
ಹದಿನಾಲ್ಕು ಮಂದಿಯ ಕೈಬರಹ.
ನನಗೆ ಓದಲು ಬಾರದು,
ಬಂದವರೆಲ್ಲ ಓದಿ ಓದಿ ಬಾಯಿಪಾಠ:

'ಮೊದಲೇ ಸಂಬಳ ಕೇಳಿದೆ. ಕೇಳಬಾರದಿತ್ತು.'
'ಸಂಬಳ ಕೇಳಲೇ ಇಲ್ಲ. ಕೇಳಬೇಕಿತ್ತು.'
'ಕುರ್ಚಿಯ ಒಂದು ಕಾಲು ಗಿಡ್ಡ, ಅಲುಗಾಡಬೇಡಿ.'
'ನಿನ್ನ ದೌರ್ಬಲ್ಯವೇನು ಅಂದರು. ಬೇಗ ನಿದ್ದೆ ಬರುತ್ತದೆ ಅಂದೆ.
ರಾತ್ರಿ ಕಾವಲಿನ ಕೆಲಸವಾಗಿತ್ತು.'
'ಗೊತ್ತಿಲ್ಲ ಅಂದೆ. ಆಕೆ ಪೆನ್ನು ಕೆಳಗಿಟ್ಟು
ಮೊದಲ ಸಲ ನನ್ನ ಮುಖ ನೋಡಿದಳು.'

ಇದನ್ನು ಓದುವಾಗ ಎಲ್ಲರೂ ಒಂದು ಗಳಿಗೆ ತಡೆಯುತ್ತಾರೆ.
ನೀನೂ ತಡೆದೆ.

ಹೊರಡು. ಮತಾಟು ತುಂಬಿದ್ದರೆ ಬಾಗಿಲಲ್ಲಿ ಜೋತಾಡಬೇಡ,
ಕೋಟಿದೆ ಮೈಮೇಲೆ, ನಡೆದೇ ಹೋಗು.
ಗೇಟಿನವನಿಗೆ 'ಹಬಾರಿ' ಅನ್ನು,
ಅಂದಮೇಲೆ ಉತ್ತರ ಬರುವವರೆಗೂ ನಿಲ್ಲು.
ಸಂದರ್ಶನ ಅಲ್ಲೇ ಶುರು.

*

ಸಂಜೆ ನಾಲ್ಕೂವರೆಗೆ ಬಂದ.
ಏನಾಯಿತು ಅಂತ ನಾನು ಯಾರನ್ನೂ ಕೇಳುವವಳಲ್ಲ,
ಕೋಟನ್ನು ಕೇಳುತ್ತೇನೆ.
ಕಂಕುಳಲ್ಲಿ ಬೆವರು. ಬಲ ತೋಳಿಗೆ ಸುಣ್ಣದ ಗೆರೆ,
ಗೋಡೆಗೆ ಒರಗಿ ಬಹಳ ಹೊತ್ತು ಕಾದಿದ್ದಾನೆ.
ಎಡ ಮೊಣಕೈಯಲ್ಲಿ ಹೊಸ ಸುಕ್ಕು.

ಗುಂಡಿ ಎಣಿಸಿದ, ನಾಲ್ಕು. ಇನ್ನೂರು ಕೊಟ್ಟ.
ನೂರರ ಮಾತಿಲ್ಲ. ಶುಕ್ರವಾರ ತಿಳಿಸುತ್ತಾರಂತೆ.

ಕಾಗದದಲ್ಲಿ ಹದಿನೈದನೆಯ ಬರಹ.
ಪಕ್ಕದ ಚಪ್ಪಲಿ ಅಂಗಡಿಯ ಹುಡುಗಿ ಓದಿ ಹೇಳಿದಳು:
'ನಿನಗೇನಾದರೂ ಕೇಳುವುದಿದೆಯೇ ಅಂದರು.
ಈ ಕೆಲಸದಲ್ಲಿ ಮೊದಲು ಇದ್ದವನು ಎಲ್ಲಿಗೆ ಹೋದ ಅಂದೆ.
ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.'

ಪೆಪ್ಪರಮಿಂಟು ಹಾಗೇ ಇತ್ತು. ಜೊತೆಗೆ ಇನ್ನೊಂದು.

ಕೆಂಡ ಆರುವ ಮುಂಚೆ ಬೆನ್ನಿಗೊಮ್ಮೆ ಇಸ್ತ್ರಿ ಎಳೆದು
ಮೊಳೆಗೆ ತೂಗುಹಾಕಿದೆ.
ನಾಳೆ ಏಳಕ್ಕೆ ಒಬ್ಬಳು ಬರುತ್ತಾಳೆ, ಆಸ್ಪತ್ರೆಯ ಲಾಂಡ್ರಿಯ ಕೆಲಸಕ್ಕಂತೆ.
ಕುಳ್ಳಿ. ಅವಳಿಗೆ ತೋಳು ಉದ್ದವಾದೀತು.