ಪುಟ ಅರವತ್ತೊಂದು

ಬಾಳೆಲೆಯ ಪಂಚಾಯ್ತಿ ಗ್ರಂಥಾಲಯದಲ್ಲಿ
ರಟ್ಟು ಹೋದ ಒಂದು ಪುಸ್ತಕವಿದೆ.
ಹೆಸರನ್ನು ಗೆದ್ದಲು ಓದಿ ಮುಗಿಸಿದೆ, ಬರೆದವರ ಹೆಸರನ್ನೂ.
ಮಕ್ಕಳಿಗೆ ಅದು ರಾಕೆಟ್ ಪುಸ್ತಕ, ಅಷ್ಟೇ.

ಹನ್ನೆರಡರ ಹುಡುಗಿಯೊಬ್ಬಳು
ಅಜ್ಜನ ಕೆಟ್ಟ ಗಡಿಯಾರ ಬಿಚ್ಚಿ ನೌಕೆ ಕಟ್ಟುತ್ತಾಳೆ,
ಇನ್ನೊಂದು ಸೂರ್ಯನ ಮನೆಗೆ ಹೊರಡುತ್ತಾಳೆ.
ಅಲ್ಲಿ ಏಳು ಗ್ರಹ. ಒಂದರಲ್ಲಿ ಮಾತಾಡುವ ಮಂಜು,
ಒಂದರಲ್ಲಿ ನೆರಳನ್ನು ಬಾಡಿಗೆಗೆ ಕೊಡುವ ಅಂಗಡಿ.
ನಕ್ಷೆ ಅರವತ್ತೊಂದನೇ ಪುಟದಲ್ಲಿ.

ನಮ್ಮ ಪ್ರತಿಯಲ್ಲಿ ಮಾತ್ರ ಗ್ರಹಗಳು ಎಂಟು.

ಎಂಟನೆಯದು ಕಂದುಗೆಂಪು, ಅಂಚು ಒಡೆದದ್ದು,
ಪಕ್ಕದಲ್ಲಿ ಸಾಸಿವೆ ಗಾತ್ರದ ಎರಡು ಚಂದ್ರ.
ಕಥೆಯಲ್ಲಿ ಅದರ ಸುದ್ದಿಯೇ ಇಲ್ಲ.
ಇಲ್ಲದ್ದಕ್ಕೇ ಮಕ್ಕಳು ಅದರ ಬೆನ್ನು ಬಿದ್ದರು.

ನೌಕೆ ಯಾಕೆ ಅಲ್ಲಿ ಇಳಿಯಲಿಲ್ಲ ಸರ್?
ಇಳಿದಿದೆ, ಬರೆದವರು ಹೆದರಿ ಬಿಟ್ಟಿದ್ದಾರೆ, ಅಂದ ಸಫ್ವಾನ್.
ಅಲ್ಲಿ ಆನೆಗಳದ್ದೇ ಸರ್ಕಾರ, ಅಂದಳು ದೇಚಮ್ಮ,
ಸಂಜೆ ಐದರ ಮೇಲೆ ಮನುಷ್ಯರು ಹೊರಗೆ ಬರುವಂತಿಲ್ಲ.
ಇಲ್ಲೂ ಹಾಗೇ ಅಲ್ಲವಾ, ಎಂದೆ.
"ಅಲ್ಲಿ ಅವು ಮೊದಲೇ ನೋಟಿಸ್ ಅಂಟಿಸುತ್ತವೆ ಸರ್."

ಜ್ಯೋತಿರ್ವರ್ಷ ಅಂದರೇನು ಎಂದು ಕೇಳಿದರು.
ಬೆಳಕು ಒಂದು ವರ್ಷ ನಿಲ್ಲದೆ ಓಡಿದರೆ ಆಗುವ ದೂರ, ಎಂದೆ.
"ಆನೆ ಕಂಡ ನಮ್ಮಪ್ಪನ ಹಾಗೆ," ಅಂದ ಸೆಲ್ವಂ.
ಎಲ್ಲರಿಗೂ ತಟ್ಟನೆ ಅರ್ಥವಾಯಿತು.

ಈ ಮಾರ್ಚ್‌ನಲ್ಲಿ, ಕಾಫಿ ಹೂವಿನ ಗಮಲಿಗೆ
ತಲೆಯೇ ನೋಯುವ ಆ ವಾರದಲ್ಲಿ,
ಮಡಿಕೇರಿಯಿಂದ ಬಂದ ಕಟ್ಟು ಬಿಚ್ಚಿದರೆ
ಅದೇ ಪುಸ್ತಕದ ಹೊಸ ಪ್ರತಿ.
ಹೊಳೆವ ರಟ್ಟು. ಹೆಸರೂ ಇತ್ತು;
ಓದಿ ಮಕ್ಕಳಿಗೆ ಬೇಸರವಾಯಿತು.
ತಲೆಗಳೆಲ್ಲ ಒಟ್ಟಿಗೆ ಅರವತ್ತೊಂದಕ್ಕೆ ಬಾಗಿದವು.

ಏಳು.

"ಪ್ರಿಂಟ್ ತಪ್ಪು," ಅಂದ ಸಫ್ವಾನ್.
"ವಾಪಸ್ ಕಳಿಸಿ ಸರ್," ಅಂದಳು ದೇಚಮ್ಮ.
ಆಗ ಕಿಟಕಿಯ ಬಳಿ ನಿಂತಿದ್ದ ಮುತ್ತೆ,
ತೋಟದ ಲೈನ್ ಮನೆಯ ಎರವರ ಹುಡುಗಿ, ಏಳನೇ ಕ್ಲಾಸು,
ಒಂದು ಪಾದದಿಂದ ಇನ್ನೊಂದನ್ನು ತುರಿಸಿಕೊಳ್ಳುತ್ತಾ
ಮೆಲ್ಲಗೆ ಹೇಳಿದಳು: "ಅದು ನಾನು."

ಹಳೇ ರಿಜಿಸ್ಟರ್ ತೆಗೆದೆ. ನನ್ನದೇ ಅಕ್ಷರ,
ಮೂರು ವರ್ಷದ ಹಿಂದಿನ ಜುಲೈ.
ಪುಟ ೬೧, ಇಂಬಳದ ರಕ್ತ. ದಂಡ ಐದು ರೂ.
ನೆನಪಾಯಿತು. ಐದೂ ಒಂದೊಂದರ ನಾಣ್ಯ, ಒದ್ದೆ.
ಎಣಿಸಿಕೊಂಡಿದ್ದೆ.
ಅವಳು ಏನೋ ಹೇಳಹೊರಟಿದ್ದಳು,
ನಾನು ಮುಂದಿನವರನ್ನು ಕರೆದಿದ್ದೆ.

"ನೌಕೆ ಇಳೀತಾ ಇತ್ತು ಸರ್, ಕಾಲು ನೋಡ್ಕೊಳ್ಳೋಕೆ ಆಗ್ಲಿಲ್ಲ.
ಹೊಟ್ಟೆ ತುಂಬಿ ಅದೇ ಬಿತ್ತು.
ನಾನು ಗೊತ್ತಾಗ್ದೆ ಪುಸ್ತಕ ಮುಚ್ಚಿಬಿಟ್ಟೆ."

ಎಲ್ಲರೂ ಅವಳನ್ನು ನೋಡಿದರು,
ಬೇರೆ ಗ್ರಹದವಳನ್ನು ನೋಡುವ ಹಾಗೆ...
ಬೇಡ, ಆ ಮಾತು ಈ ಊರಲ್ಲಿ ಬೇರೆ ಅರ್ಥಕ್ಕೂ ಸಲ್ಲುತ್ತದೆ.
ಹೋಗಿ ಬಂದವಳನ್ನು ನೋಡುವ ಹಾಗೆ.
ದೇಚಮ್ಮ ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು:
"ಹಾಗಾದ್ರೆ ನೀನೇ ಹೇಳು, ಅಲ್ಲಿ ಏನಿದೆ?"

ಅಲ್ಲಿ ಉಪ್ಪಿಲ್ಲ, ಅಂದಳು ಮುತ್ತೆ. ಸುಣ್ಣ ಇಲ್ಲ, ಹೊಗೆಸೊಪ್ಪಿಲ್ಲ.
ಗಂಜಿ ಸಪ್ಪೆ. ಆದರೆ ಯಾರನ್ನೂ ಕಿತ್ತು ಎಸೆಯೋದಿಲ್ಲ.
ಬಾಗಿಲಲ್ಲಿ ಒಂದು ಹನಿ ಕೇಳುತ್ತಾರೆ,
ಮಾಲೀಕರ ಹತ್ರಾನೂ ಒಂದೇ ಹನಿ.

ಮೇಜಿನ ಖಾನೆಯಲ್ಲಿ ಐದು ರೂಪಾಯಿಗೆ ತಡಕಿದೆ,
ಸಿಕ್ಕಿದ್ದು ಕೆಂಪು ಪೆನ್ನು.
"ಹೊಸದರಲ್ಲೂ ಒಂದು ಬರೆದುಬಿಡು," ಎಂದೆ.
ಪೆನ್ನು ನೋಡಿದಳು, ನನ್ನನ್ನು ನೋಡಿದಳು.
"ಪೆನ್ನಲ್ಲಿ ಬರಲ್ಲ ಸರ್. ಜೂನ್ ಬರಲಿ."

ಪುಸ್ತಕ ಚೀಲಕ್ಕಿಳಿಸಿ, ಐದು ಹೊಡೆಯುವ ಮೊದಲೇ
ತೋಟದ ದಾರಿ ಹಿಡಿದಳು, ಬರಿಗಾಲಲ್ಲಿ.
ರಿಜಿಸ್ಟರಿನಲ್ಲಿ ಹಿಂತಿರುಗಿಸುವ ದಿನ ಎಂಬ ಜಾಗವನ್ನು
ನಾನು ಹಾಗೇ ಬಿಟ್ಟೆ.