ಒಂದೂವರೆ ಕಿಲೋ

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿ. ಭಾನುವಾರ ರಾತ್ರಿ.
ಷಟರು ಮೊಣಕಾಲಿನವರೆಗೆ ಇಳಿದಿದೆ.
ಒಳಗೆ ಬಿಳಿ ಪಂಚೆಯೊಂದನ್ನು ಬಿಗಿದು ಕಟ್ಟಿ
ಅದರ ಮೇಲೆ ರೇಸು ಬಿಟ್ಟಿದ್ದಾರೆ.
ಪಂಚೆಯಲ್ಲೊಂದು ತೂತು;
ಪ್ರತಿ ಸುತ್ತಿನಲ್ಲೂ ಹನ್ನೊಂದನೇ ತಿರುವಲ್ಲಿ
ಕಾರುಗಳೆಲ್ಲ ಅದರೊಳಕ್ಕೆ ಬಿದ್ದು ಏಳುತ್ತವೆ.

ನನಗೆ ರೇಸು ಗೊತ್ತಿಲ್ಲ. ಮೂವತ್ತೊಂದು ವರ್ಷ
ತೂಕ-ಅಳತೆ ಇಲಾಖೆಯಲ್ಲಿದ್ದವನು,
ಕಲಾಸಿಪಾಳ್ಯದ ತಕ್ಕಡಿಗಳಿಗೆ ಮುದ್ರೆ ಒತ್ತಿದ ಕೈ ಇದು.
ಜಬೀವುಲ್ಲಾ ಕರೆದ, ಟೀ ಸಿಗುತ್ತದೆ, ಬಂದೆ.

ಗೆದ್ದದ್ದು ಹಸಿರು ಕಾರು,
ಕೊನೇ ಸುತ್ತಿನಲ್ಲಿ, ಬೆಳ್ಳಿ ಬಣ್ಣದ್ದರ ಪಕ್ಕೆಗೆ ಉಸಿರು ತಾಗಿಸಿ.
ಸಗಾಯರಾಜ್ ಸ್ಟೂಲಿನಿಂದೆದ್ದು ಕುಣಿದ,
ಆಟೋ ಮುನಿಕೃಷ್ಣ ಸ್ಪ್ಯಾನರಿನಿಂದ ಗ್ರೀಸ್ ಡಬ್ಬ ಬಡಿದ.
ಎರಡನೇ ಟೀ ಬರುವಷ್ಟರಲ್ಲಿ ಸುದ್ದಿ:
ತೂಕಕ್ಕೆ ಹಾಕಿದರಂತೆ. ಒಂದೂವರೆ ಕಿಲೋ ಕಡಿಮೆ.
ಗೆಲುವು ರದ್ದು.

ಆಮೇಲೆ ನೋಡಬೇಕಿತ್ತು.
"ಒಂದೂವರೆ ಕಿಲೋ! ನಮ್ಮನೆ ಕುಕ್ಕರಿನ ಮುಚ್ಚಳ!"
"ಟೈರು ಸವೆದಿರತ್ತೆ, ಬೆವರು ಹರಿದಿರತ್ತೆ,
ಬೆವರಿಗೂ ಲೆಕ್ಕ ಕೇಳ್ತಾರೇನ್ರೀ?"
"ಕೇಳ್ಬೇಕು," ಅಂದಳು ತಸ್ಮಿಯಾ, ಜಬೀವುಲ್ಲಾನ ಮಗಳು,
ಲ್ಯಾಪ್‌ಟಾಪಿನಿಂದ ತಲೆಯೆತ್ತದೆ.
"ಕಿಲೋ ಇಳಿದ್ರೆ ಸುತ್ತಿಗೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಲಾಭ.
ಐವತ್ತು ಸುತ್ತಿಗೆ ಎಷ್ಟಾಯ್ತು? ಗೆದ್ದದ್ದೆಷ್ಟರಲ್ಲಿ?"
ಮುನಿಕೃಷ್ಣ ಬೆರಳು ಮಡಿಸಿದ, ಎಣಿಕೆ ತಪ್ಪಿತು, ಸಿಟ್ಟು ಬಂತು.
"ಹಂಗಾದ್ರೆ ಓಡ್ಸೋನು ಯಾಕಮ್ಮ? ನಿನ್ ಡಬ್ಬಾನೇ ಓಡ್ಸಲಿ!
ಹಿಂದಿನೋನು ಗುಂಡಿ ಒತ್ತಿದ್ರೆ ರೆಕ್ಕೆ ತೆರ್ಕೊಳ್ಳತ್ತಂತೆ,
ಮುಂದಿನೋನು ಕೈಕಟ್ಟಿ ದಾರಿ ಬಿಡ್ಬೇಕಂತೆ,
ಅದು ಯಾವ ಸೀಮೆ ನ್ಯಾಯ?"
ಅವನ ಮೀಟರಿಗೆ ನಾನೇ ಎರಡು ಸಲ ದಂಡ ಹಾಕಿದ್ದೆ.
ಇಬ್ಬರೂ ಆ ಮಾತೆತ್ತಲಿಲ್ಲ.

ಜಬೀವುಲ್ಲಾ ಸುಮ್ಮನಿದ್ದ.
ಕಾರ್ಬುರೇಟರಿಗೆ ಕಿವಿಗೊಟ್ಟು ಕಾಯಿಲೆ ಹೇಳುತ್ತಿದ್ದವನು.
ಈಗಿನ ಗಾಡಿಗಳು ಕಾಯಿಲೆಯನ್ನು ತಸ್ಮಿಯಾಗೆ ಮಾತ್ರ ಹೇಳುತ್ತವೆ,
ಒಂದು ವೈರಿನ ಮೂಲಕ, ಅಂಕಿಯಲ್ಲಿ.
ಎದ್ದು, ಗಲ್ಲಾಪೆಟ್ಟಿಗೆಯ ತಳದಿಂದ
ಬಟಾಣಿಗಿಂತ ಸಣ್ಣ ಹಿತ್ತಾಳೆಯ ಚೂರೊಂದನ್ನು ತಂದು
ಸಗಾಯರಾಜನ ಅಂಗೈಗಿಟ್ಟ.
"ಶೋಲಾವರಂ. ಎಪ್ಪತ್ತೊಂಬತ್ತು.
ಈ ಜೆಟ್ಟಿನ ತೂತನ್ನ ಒಂದು ಕೂದಲೆಳೆ ಹಿಗ್ಗಿಸಿದ್ದೆ.
ನಿನ್ನ ಸೋಲಿಸಿದ್ದು ನಾನಲ್ಲ."

ಪಂಚೆಯ ಮೇಲೆ ರದ್ದಾದ ಗೆಲುವಿನ ಷಾಂಪೇನು
ಇನ್ನೂ ಚಿಮ್ಮುತ್ತಲೇ ಇತ್ತು, ಶಬ್ದವಿಲ್ಲದೆ.

ಸಗಾಯರಾಜ್ ಅದನ್ನು ಬಲ್ಬಿಗೆ ಹಿಡಿದು
ಒಂದು ಕಣ್ಣು ಮುಚ್ಚಿ ನೋಡಿದ.
"ಗೊತ್ತಿತ್ತು ಕಣೋ. ಮೂರನೇ ಸುತ್ತಿಗೇ.
ನಿನ್ನ ಇಂಜಿನ್ನು ಕೆಮ್ಮೋ ಕಡೆ ಕೆಮ್ಮಲಿಲ್ಲ."
"ಮತ್ಯಾಕೆ ಹೇಳಲಿಲ್ಲ?"
"ಹೇಳಿದ್ರೆ ನಿನ್ನ ಹೊರಗೆ ಹಾಕ್ತಿದ್ರು.
ಮುಂದಿನ ವರ್ಷ ನಾನು ಯಾರ ಹಿಂದೆ ಬೀಳ್ಲಿ?"
ನಕ್ಕ. ನಗು ಪೂರ್ತಿಯಾಗಲಿಲ್ಲ.
"ಆ ಕಪ್ಪಿನಲ್ಲೇ ಅಲ್ವೇನೋ, ಆ ರಂಜಾನಿಗೆ,
ನಿಮ್ಮಮ್ಮಿ ನಂಗೆ ಶೀರ್‌ಖುರ್ಮಾ ಕೊಟ್ಟಿದ್ದು."

ಎಷ್ಟು ಹಿಗ್ಗಿದೆ ನೋಡೋಣವೆಂದು
ತಸ್ಮಿಯಾ ವರ್ನಿಯರ್ ತಂದಳು.
ಇಬ್ಬರೂ ಒಟ್ಟಿಗೆ ಅಂದರು: ಬೇಡ.

ಆಗ ಎಲ್ಲರೂ ನನ್ನ ಕಡೆ ತಿರುಗಿದರು. "ಸಾರ್, ನೀವು ಹೇಳಿ."
ಹೇಳಿದೆ: ತಕ್ಕಡಿಗೂ ಇಷ್ಟು ತಪ್ಪಬಹುದು ಅಂತ ಇರುತ್ತದೆ,
ತರಕಾರಿಗೊಂದು, ಚಿನ್ನಕ್ಕೊಂದು.
"ಇದು ತರಕಾರಿನೋ ಚಿನ್ನಾನೋ?" ಕೇಳಿದ ಮುನಿಕೃಷ್ಣ.
ನನ್ನ ಟೀ ಆರಿತ್ತು. ಕುಡಿದೆ.

ಷಟರಿನಡಿ ಬಗ್ಗಿ ಹೊರಬಂದು
ಮಿನರ್ವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತೆ.
ಹನ್ನೆರಡೋ ಹದಿಮೂರೋ ಗಾಡಿ, ಎಲ್ಲಾ ಗೆರೆಯ ಹಿಂದೆ.
ಊಟ ಹೊತ್ತ ಹುಡುಗನೊಬ್ಬನ ಮುಂದಿನ ಚಕ್ರ ಮಾತ್ರ
ಗೆರೆಯ ಆಚೆ, ಒಂದು ಗೇಣು.
ಅಭ್ಯಾಸಬಲ, ಕಣ್ಣು ಅಲ್ಲೇ ಹೋಯಿತು.
ಅವನೂ ನನ್ನ ನೋಡಿದ.
ಹಸಿರು ಬಿತ್ತು.