ಏಳನೇ ಹೊಲಿಗೆ

ಇನ್ನಾಸಪ್ಪನ ಗ್ಲೌಸು ನನ್ನ ಕೈಗೆ ಬಂದದ್ದು ಇದು ಏಳನೇ ಸಲ.
ಆಸ್ಟಿನ್ ಟೌನಿನ ಈ ಮೂರಡಿ ಅಂಗಡಿಯಲ್ಲಿ ನಿಂತು
ಪ್ರತಿ ಸಲವೂ ಅವನು ಹೇಳಿದ್ದು ಅದೇ ಮಾತು:
"ಇದೊಂದು ಬೌಟು ಆಗೋಗ್ಲಿ ಖುದ್ದೂಸ್ ಭಾಯ್,
ಆಮೇಲೆ ಗೂಟಕ್ಕೆ ತಗಲಾಕ್ತೀನಿ."

ಗೂಟ ನಾನೇ ಹೊಡೆದುಕೊಟ್ಟೆ, ಅವನ ಮನೆಯ ಗೋಡೆಗೆ.
ಈಗ ಅದರಲ್ಲಿ ಮಗಳ ಕೊಡೆ ನೇತಾಡುತ್ತದೆ.

ಚರ್ಮ ನನಗೆ ಸುಳ್ಳು ಹೇಳುವುದಿಲ್ಲ.
ಆಗೆಲ್ಲ ಸವೆಯುತ್ತಿದ್ದದ್ದು ಗೆಣ್ಣಿನ ಮೇಲೆ,
ಕೊಟ್ಟ ಏಟಿನ ಲೆಕ್ಕ.
ಎರಡು ವರ್ಷದಿಂದ ಹರಿಯುತ್ತಿರುವುದು ಹಿಂಗೈ, ಮಣಿಕಟ್ಟು;
ಮುಖಕ್ಕೆ ಅಡ್ಡ ಹಿಡಿದು
ತಿಂದದ್ದರ ಲೆಕ್ಕ.
ಹೇಳಲಿಲ್ಲ. ಹೊಲಿದೆ. ಕಾಸು ಇಸಕೊಂಡೆ.

ಹೇಳಿದವರೂ ಇದ್ದರು. ಹೆಂಡತಿ ಫಿಲೋಮಿನಾ ಹೇಳಿದಳು,
ಮಿಂಟೋ ಆಸ್ಪತ್ರೆಯ ಡಾಕ್ಟರು
ಎರಡು ಬೆರಳು ತೋರಿಸಿ, ಎಷ್ಟು ಅಂತ ಕೇಳಿ, ಹೇಳಿದರು.
ಇವನ ವಾದ ಬೇರೆ:
ಸೋತ ರಾತ್ರಿ ಬಿಟ್ಟರೆ ಓಡಿಹೋದ ಅಂತಾರೆ,
ಗೆದ್ದ ರಾತ್ರಿ ಯಾರಾದ್ರೂ ಬಿಡ್ತಾರಾ?

ಒಮ್ಮೆ ಕೇಳಿಯೇಬಿಟ್ಟೆ, ಯಾಕಪ್ಪಾ ಅಂತ.
ಟೀ ಕೆನೆಗಟ್ಟುವ ತನಕ ಸುಮ್ಮನಿದ್ದ.
"ಪಾರ್ಸೆಲ್ ಆಫೀಸಲ್ಲಿ ನನ್ನನ್ನ ಯಾರೂ ನೋಡಲ್ಲ ಭಾಯ್,
ಮೂಟೆ ನೋಡ್ತಾರೆ.
ರಿಂಗಲ್ಲಿ ಎದುರು ನಿಂತ ಹುಡುಗ,
ಮೀಸೆ ಸರಿಯಾಗಿ ಬಂದಿರಲ್ಲ ಅವನಿಗೆ,
ಒಂಬತ್ತು ನಿಮಿಷ
ನನ್ನ ಮುಖ ಬಿಟ್ಟು ಬೇರೇನೂ ನೋಡಲ್ಲ."

ಆಮೇಲೆ ನಕ್ಕ.
"ಏಟು ಬರೋದು ಇವತ್ತಿಗೂ ಕಾಣ್ಸುತ್ತೆ,
ಮೊದಲಿಗಿಂತ ಚೆನ್ನಾಗೇ ಕಾಣ್ಸುತ್ತೆ.
ಕೈ ಮಾತ್ರ ಶಿವಾಜಿನಗರದ ಬಸ್ಸು.
ಬರುತ್ತೆ,
ಕಾದವರೆಲ್ಲ ಆಟೋ ಹತ್ತಿದ ಮೇಲೆ."

ಇವತ್ತು ಸಂಜೆ ಬಂದ. ಎಡಹುಬ್ಬಿನ ಮೇಲೆ ಐದು ಹಸಿ ಹೊಲಿಗೆ,
ನನಗಿಂತ ಒರಟು ಕೈಯವರು ಹಾಕಿದ್ದು.
ಗ್ಲೌಸು ಮುಂದಿಟ್ಟ. ಗೂಟದ ಮಾತೆತ್ತಲಿಲ್ಲ.

ಮೇಣ ಸವರಿದ ದಾರ ತೆಗೆದೆ.
ಸೂಜಿಯ ಕಣ್ಣು ಸಿಗಲಿಲ್ಲ.
ನೆಕ್ಕಿ ಚೂಪು ಮಾಡಿದೆ. ಸಿಗಲಿಲ್ಲ.
"ಕೊಡಿ ಇಲ್ಲಿ," ಎಂದು ಬಲ್ಬಿನತ್ತ ಎತ್ತಿ ಹಿಡಿದ.
ಅವನ ಕೈಯಲ್ಲಿ ದಾರವೂ ನಡುಗಿತು, ಸೂಜಿಯೂ.

"ಕರೆಂಟು ಡಿಮ್ಮು," ಅಂದ.
"ಹೂಂ, ಭಾಳ ಡಿಮ್ಮು," ಅಂದೆ.

ಎದುರಿನ ಬೇಕರಿಯ ಹುಡುಗನನ್ನು ಕೂಗಿದೆವು.
ಬಂದ, ಹಿಟ್ಟಿನ ಕೈ ಪ್ಯಾಂಟಿಗೆ ಒರೆಸಿಕೊಂಡ,
ನೋಡದೆಯೇ ಪೋಣಿಸಿ ಹೊರಟುಹೋದ.

ಇಬ್ಬರೂ ಅವನು ಹೋದ ದಾರಿ ನೋಡಿದೆವು.
"ಶನಿವಾರಕ್ಕೆ ಬೇಕಿತ್ತು," ಅಂದ.
"ಶುಕ್ರವಾರವೇ ಬಾ," ಅಂದೆ.